ಗಂಜಿ ಕುಡಿದ ಒಂದು ರೂಪಾಯಿ

ತಮಿಳು ಸೀಮೆಯ ಅವಿನಾಶಿಯ ಕನ್ನಡ ನೇಕಾರ ಚೆನ್ನಿಯಪ್ಪನ್ ಶಪಥ ಮಾಡಿದರೆಂದರೆ ಮುಗಿಯಿತು, ಭೀಷ್ಮನೂ ಎದ್ದು ಜಾಗ ಬಿಡಬೇಕು! ಈ ಸಲದ ಶಪಥ ಹುಟ್ಟಿದ್ದು ಕಳೆದ ದೀಪಾವಳಿಯ ದಿನ, ಎರಡು ಬೀದಿ ಆಚೆ ಇರುವ ಅತ್ತೆಮನೆಯಲ್ಲಿ, ಬಾಳೆಎಲೆಯ ಮುಂದೆ.

ಹಿರಿಯ ಅಳಿಯ ಎಂಬ ಒಂದೇ ಯೋಗ್ಯತೆಯ ಮೇಲೆ ಆ ಮನೆಯ ಮೊದಲ ಎಲೆ ಮೂವತ್ತೈದು ವರ್ಷದಿಂದ ಅವರದು. ಕಿರಿಯ ಅಳಿಯ ರಾಮಲಿಂಗಂಗೆ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯಿದೆ, ಎರಡು ಕಾರುಗಳಿವೆ. ಇಲ್ಲದ್ದು ಆ ಎಲೆಯೊಂದೇ. ಷಡ್ಡಕರಿಬ್ಬರಿಗೂ ಹಳೆಯ ನೋಟು ಕೂಡಿಡುವ ಹುಚ್ಚು. ಇಬ್ಬರ ಆಲ್ಬಮ್ಮಿನಲ್ಲೂ ಮೊದಲ ಖಾನೆ ಖಾಲಿ. ಅಲ್ಲಿ ಕೂರಬೇಕಾದದ್ದು ಸ್ವತಂತ್ರ ಭಾರತದ ಮೊಟ್ಟಮೊದಲ ನೋಟು, ರಾಜನ ತಲೆ ಹೋಗಿ ಅಶೋಕ ಸ್ತಂಭ ಬಂದ 1949ರ ಒಂದು ರೂಪಾಯಿ. ಉಳಿದ ನೋಟುಗಳೆಲ್ಲ ರಿಸರ್ವ್ ಬ್ಯಾಂಕಿನ ಮಕ್ಕಳು, ಒಂದು ರೂಪಾಯಿ ಮಾತ್ರ ಸಾಕ್ಷಾತ್ ಸರ್ಕಾರದ ಖಜಾನೆಯ ಕೂಸು ಎಂದು ಚೆನ್ನಿಯಪ್ಪನ್ ಸಿಕ್ಕವರಿಗೆಲ್ಲ ಪಾಠ ಹೇಳುತ್ತಿದ್ದರು.

ಪಾಯಸ ಬರುವ ಹೊತ್ತಿಗೆ ಮಾತಿಗೆ ಮಾತು ಬೆಳೆಯಿತು. ಯುಗಾದಿಗೆ ಮುಂಚೆ ಗಾಂಧಿಪುರಂನಲ್ಲಿ ನಡೆಯುವ ನೋಟುಗಳ ಪ್ರದರ್ಶನಕ್ಕೆ ಆ ನೋಟನ್ನು ಯಾರು ತರುತ್ತಾರೋ ಮೊದಲ ಎಲೆ ಅವರಿಗೆ ಎಂದು ರಾಮಲಿಂಗಂ ಕೆಣಕಿದ. ಚೆನ್ನಿಯಪ್ಪನ್ ಎಲೆಯ ಮೇಲೆಯೇ ಕೈಯಿಟ್ಟು ಒಪ್ಪಿಕೊಂಡರು.

"ಅದೇನು ನೋಟು? ಹೆಂಗಿರ್ತದೆ?" ಎಂದು ಮನೆಗೆ ಬಂದ ಮೇಲೆ ಹೆಂಡತಿ ರುಕ್ಮಣಿ ಕೇಳಿದಳು.

"ಅದೆಲ್ಲ ನಿನಗೆ ತಿಳಿಯಾದಿಲ್ಲ ಬುಡು," ಎಂದರು ಇವರು. ಆಮೇಲೆ ಅವಳು ಕೇಳಲಿಲ್ಲ.

ರುಕ್ಮಣಿಗೆ ಗಂಡನ ಕೈಗುಣ ಚೆನ್ನಾಗಿ ಗೊತ್ತು. ಇದ್ದದ್ದನ್ನು ಇದ್ದ ಹಾಗೆ ಬಿಡುವುದು ಅವರ ಜಾತಕದಲ್ಲೇ ಇಲ್ಲ. ಸರಿಯಾಗಿ ನಡೆಯುತ್ತಿದ್ದ ಗೋಡೆ ಗಡಿಯಾರಕ್ಕೆ ಎಣ್ಣೆ ಬಿಟ್ಟು ನಿಲ್ಲಿಸಿದವರು ಅವರು. ಮಿಕ್ಸಿಯನ್ನು ಇನ್ನೂ ಸ್ವಲ್ಪ ಜೋರು ಮಾಡುತ್ತೇನೆಂದು ಹೋಗಿ ಚಟ್ನಿಯನ್ನು ಅಟ್ಟಕ್ಕೆ ಬಡಿಸಿದವರೂ ಅವರೇ. ದೇವರಗೂಡಿನ ಚೌಡೇಶ್ವರಿಯ ಪಟವೊಂದು ಮಾತ್ರ ಅವರ ಕೈಯಿಂದ ತಪ್ಪಿಸಿಕೊಂಡಿತ್ತು. "ಸೌಡಮ್ಮನ ಪಟಕ್ಕೆ ಇವನ ಕೈ ತಾಕಬಾರದು" ಎಂದು ಚೆನ್ನಿಯಪ್ಪನ್ ಅವರ ತಾಯಿ ಬೆಳ್ಳಿಯಮ್ಮ ಸಾಯುವ ಮುಂಚೆ ಸೊಸೆಯಿಂದ ಮಾತು ತೆಗೆದುಕೊಂಡಿದ್ದರು. ಅಂದಿನಿಂದ ಅದನ್ನು ಒರೆಸುವವಳು ರುಕ್ಮಣಿ ಒಬ್ಬಳೇ.

ಬೇಟೆ ಮೂರು ತಿಂಗಳು ನಡೆಯಿತು. ಪೊಲ್ಲಾಚಿ, ಪಲ್ಲಡಂ, ಈರೋಡು, ಎಲ್ಲಿ ಹಳೆಯ ಟ್ರಂಕು ಬಿಚ್ಚಿದರೂ ಚೆನ್ನಿಯಪ್ಪನ್ ಹಾಜರು. ಬಸ್ಸಿನಲ್ಲಿ ಅಲೆದು ಅಲೆದು ಚಪ್ಪಲಿ ಸವೆಯಿತು, ಹಟ ಸವೆಯಲಿಲ್ಲ. ಕೊನೆಗೆ ಗಾಂಧಿಪುರಂನ ನಾಣ್ಯದ ವ್ಯಾಪಾರಿ ಕರುಪ್ಪುಸಾಮಿಯ ಬಳಿ ನೋಟು ಸಿಕ್ಕಿತು. ಮದುವೆಯಲ್ಲಿ ಮಾವ ತೊಡಿಸಿದ್ದ ವಾಚನ್ನು ಬಿಚ್ಚಿಕೊಟ್ಟು ತಂದರು. ಮನೆಯಲ್ಲಿ ರಿಪೇರಿಗೆ ಕೊಟ್ಟಿದ್ದೇನೆಂದರು.

ನೋಟೇನೋ ಅಸಲಿ. ಆದರೆ ಪಾಪ, ನೂರು ಸಲ ಒಗೆದ ಪಂಚೆಯಷ್ಟು ಮೆತ್ತಗೆ! ಹಿಡಿದರೆ ಎರಡೂ ಕಡೆ ತಲೆ ಬಗ್ಗಿಸುತ್ತಿತ್ತು. ಇರುವ ಹಾಗೇ ಇಡಿ, ಏನೂ ಮಾಡಬೇಡಿ ಎಂದು ಕರುಪ್ಪುಸಾಮಿ ತಮಿಳಿನಲ್ಲಿ ಮೂರು ಸಲ ಹೇಳಿ ಕಳಿಸಿದ್ದ. ಚೆನ್ನಿಯಪ್ಪನ್ ಮೂರು ಸಲವೂ ತಲೆಯಾಡಿಸಿದ್ದರು.

ಪ್ರದರ್ಶನಕ್ಕೆ ಐದು ದಿನ ಇರುವಾಗ ಅವರಿಗೆ ಜ್ಞಾನೋದಯವಾಯಿತು. ನಾಲ್ಕು ತಲೆಮಾರಿನಿಂದ ನೂಲಿಗೆ ಗಂಜಿ ಕೊಟ್ಟ ವಂಶ! ಜೋತುಬಿದ್ದ ಹಾಸುನೂಲನ್ನು ಗಂಜಿ ಕುಡಿಸಿ, ಬಿಸಿಲಿಗೆ ಹಿಡಿದು, ವೀಣೆಯ ತಂತಿಯ ಹಾಗೆ ನಿಲ್ಲಿಸಿದ ಕೈ ಇದು. ಅಂಗೈಯಗಲದ ಒಂದು ಕಾಗದ ಯಾವ ಲೆಕ್ಕ? ಗರಿಗರಿ ನೋಟು ಕಂಡರೆ ರಾಮಲಿಂಗಂನ ಮುಖ ಹೇಗಾಗಬಹುದು ಎಂದು ನೆನೆದೇ ಅವರಿಗೆ ಅರ್ಧ ಹೊಟ್ಟೆ ತುಂಬಿತು.

ಮಂಗಳವಾರ ರುಕ್ಮಣಿ ದೇವಸ್ಥಾನಕ್ಕೆ ಹೊರಟಿದ್ದೇ ತಡ, ಇವರು ಒಲೆ ಹಚ್ಚಿದರು. ಸಬ್ಬಕ್ಕಿ ಕುದಿಸಿ ಬಟ್ಟೆಯಲ್ಲಿ ಸೋಸಿದರು. ತೆಳು ನೂಲಿಗೆ ತೆಳು ಗಂಜಿ ಎಂಬ ಅಪ್ಪನ ಮಾತು ನೆನಪಿಗೆ ಬಂತು, ಆದರೆ ಇದು ಸರ್ಕಾರದ ಮರ್ಯಾದೆಯ ಪ್ರಶ್ನೆಯಲ್ಲವೇ? ಗಟ್ಟಿಯಾಗಿಯೇ ಮಾಡಿದರು. ನೋಟು ಗಂಜಿಯಲ್ಲಿ ಮುಳುಗಿತು, ಎದ್ದಿತು, ಕ್ಲಿಪ್ಪು ಹಾಕಿಸಿಕೊಂಡು ಹಗ್ಗದ ಮೇಲೆ ರುಕ್ಮಣಿಯ ರವಿಕೆಯ ಪಕ್ಕ ತೂಗಿತು. ಅರ್ಧ ಒಣಗುವಷ್ಟರಲ್ಲಿ ಅಪ್ಪಳದ ಹಾಗೆ ಸೆಟೆದುಕೊಂಡಿತು. ಚೆನ್ನಿಯಪ್ಪನ್ ಮೀಸೆ ತಿರುವಿದರು. ಅಲ್ಲಿಗೆ ಬಿಟ್ಟಿದ್ದರೆ ಏನೋ ಒಂದು ಉಳಿಯುತ್ತಿತ್ತು. ಆದರೆ ಗಂಜಿಯ ಬಟ್ಟೆಗೆ ಇಸ್ತ್ರಿ ಹಾಕದೆ ಬಿಡುವುದುಂಟೇ?

ಇಸ್ತ್ರಿಪೆಟ್ಟಿಗೆ ಚುಂಯ್ ಎಂದಿತು. ಎತ್ತಿ ನೋಡಿದರೆ ಮೇಜಿನ ಮೇಲೆ ನೋಟಿಲ್ಲ! ಪೆಟ್ಟಿಗೆ ತಿರುಗಿಸಿದರು, ಸ್ವತಂತ್ರ ಭಾರತದ ಮೊದಲ ನೋಟು ಅದರ ಹೊಟ್ಟೆಗೆ ಅಂಟಿಕೊಂಡು ಹೊಗೆಯಾಡುತ್ತಿತ್ತು. ದೋಸೆ ಮಗುಚುವ ಕೈ ತಂದು ಕೆರೆದರು. ಅರ್ಧ ನೋಟು ಪುಡಿಯಾಗಿ ಉದುರಿತು, ಉಳಿದರ್ಧ ಸಿಂಹಗಳ ಸಮೇತ ಇಸ್ತ್ರಿಪೆಟ್ಟಿಗೆಯನ್ನೇ ಸಿಂಹಾಸನ ಮಾಡಿಕೊಂಡು ಕೂತಿತು. ಚೆನ್ನಿಯಪ್ಪನ್‌ಗೆ ಅಳು ಬಂತು. ನಿಜವಾಗಿಯೂ ಬಂತು. ಹೋದದ್ದು ಬರೀ ನೋಟಲ್ಲ, ವಾಚು ಹೋಯಿತು, ಎಲೆಯೂ ಹೋಯಿತು.

ಬಾಗಿಲಲ್ಲಿ ಕುಂಕುಮದ ಪೊಟ್ಟಣ ಹಿಡಿದು ರುಕ್ಮಣಿ ನಿಂತಿದ್ದಳು. ಸಬ್ಬಕ್ಕಿ ಪಾತ್ರೆ, ದೋಸೆಯ ಕೈ, ಗಂಡನ ಕಣ್ಣು, ಎಲ್ಲವನ್ನೂ ಸಾಲಾಗಿ ನೋಡಿದಳು. ಇವರು ಎಲ್ಲ ಒಪ್ಪಿಕೊಂಡರು, ವಾಚಿನ ವಿಷಯವನ್ನೂ. ಜೊತೆಗೆ ಮೊಬೈಲಿನಲ್ಲಿದ್ದ ನೋಟಿನ ಚಿತ್ರವನ್ನು ಅವಳಿಗೆ ಮೊದಲ ಸಲ ತೋರಿಸಿದರು. ಅವಳು ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, ದೇವರಗೂಡಿನ ಕಡೆ ಒಮ್ಮೆ ತಿರುಗಿದಳು.

"ಭಾನುವಾರ ನಾನೂ ಬರ್ತೀನಿ," ಎಂದಳು ಅಷ್ಟೇ.

ಭಾನುವಾರ ಗಾಂಧಿಪುರಂನ ಮಂಟಪದಲ್ಲಿ ಜನವೋ ಜನ. ಚೆನ್ನಿಯಪ್ಪನ್ ಆಲ್ಬಮ್ಮಿನ ಮೊದಲ ಖಾನೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಿಂತಿದ್ದರು. ರಾಮಲಿಂಗಂನ ಖಾನೆಯೂ ಖಾಲಿಯೆಂದು ಕಂಡಾಗ ಜೀವ ಸ್ವಲ್ಪ ಬಂತು. ಅಷ್ಟರಲ್ಲಿ ರುಕ್ಮಣಿ ಕೈಚೀಲದಿಂದ ಟವೆಲಿನಲ್ಲಿ ಸುತ್ತಿದ ಚೌಡೇಶ್ವರಿಯ ಪಟವನ್ನು ತೆಗೆದು ಮೇಜಿನ ಮೇಲಿಟ್ಟಳು. ಕಣ್ಣಿಗೊತ್ತಿಕೊಂಡು ಹಿಂದಿನ ರಟ್ಟನ್ನು ಮೆಲ್ಲಗೆ ಸರಿಸಿದಳು. ಒಳಗಿತ್ತು 1949ರ ಒಂದು ರೂಪಾಯಿ! ಮಡಿಕೆಯಿಲ್ಲ, ಕಲೆಯಿಲ್ಲ, ಇವತ್ತು ಅಚ್ಚಾದ ಹಾಗೆ. ಬೆಳ್ಳಿಯಮ್ಮ ಹದಿನಾರರ ಹುಡುಗಿಯಾಗಿದ್ದಾಗ ನೂಲು ಸುತ್ತಿ ದುಡಿದ ಮೊದಲ ಕೂಲಿ ಅದು. ಖರ್ಚು ಮಾಡಲು ಮನಸ್ಸು ಬಾರದೆ ಅಮ್ಮನವರ ಬೆನ್ನ ಹಿಂದೆ ಇಟ್ಟುಬಿಟ್ಟಿದ್ದರಂತೆ, ಸಾಯುವ ಮುಂಚೆ ಸೊಸೆಗೊಬ್ಬಳಿಗೇ ಹೇಳಿದ್ದರಂತೆ.

ತೀರ್ಪುಗಾರ ಗೋವಿಂದಸಾಮಿ ಭೂತಗನ್ನಡಿ ಹಿಡಿದು ಬಗ್ಗಿದವರು ಐದು ನಿಮಿಷ ಏಳಲಿಲ್ಲ. ಎದ್ದ ಮೇಲೆ, ಎಪ್ಪತ್ತು ವರ್ಷ ದಾಟಿದ ನೋಟನ್ನು ಇಷ್ಟು ಚೆನ್ನಾಗಿ ಕಾಪಾಡಲು ಏನು ಮಾಡಿದಿರಿ ಎಂದು ಕೇಳಿದರು. ರುಕ್ಮಣಿ ತಮಿಳಿನಲ್ಲಿಯೇ, ಎಲ್ಲರಿಗೂ ಕೇಳುವ ಹಾಗೆ ಉತ್ತರ ಕೊಟ್ಟಳು: ಬೇರೇನೂ ಮಾಡಲಿಲ್ಲ ಅಯ್ಯಾ, ಇವರ ಕೈಗೆ ಸಿಗದ ಹಾಗೆ ನೋಡಿಕೊಂಡೆವು.

ಮಂಟಪವೆಲ್ಲ ನಕ್ಕಿತು. ಚೆನ್ನಿಯಪ್ಪನ್‌ಗೆ ನಗು ಕೇಳಿಸಲಿಲ್ಲ. ನೋಟು ಬಂತು, ಎಲೆ ಉಳಿಯಿತು! ರಾಮಲಿಂಗಂ ಸಪ್ಪೆಮುಖ ಮಾಡಿಕೊಂಡು, "ಸರಿ ಅಣ್ಣಾ, ಮೊದಲೆಲೆ ನಿಮಗೇ," ಎಂದ.

"ನೋಟು ತಂದೋರಿಗೆ ಎಲೆ ಅಂತ ತಾನೆ ಮಾತು?" ಎಂದಳು ರುಕ್ಮಣಿ. "ತಂದೋರು ಯಾರು?"

ಷಡ್ಡಕರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಬ್ಬರೂ ಒಂದೇ ಪಕ್ಷ ಸೇರಿದ್ದು ಅದೇ ಮೊದಲು.

ಯುಗಾದಿಯ ದಿನ ಅತ್ತೆ ನಗುತ್ತಾ ಮೊದಲ ಎಲೆಯನ್ನು ಮಗಳಿಗೆ ಹಾಕಿದರು. ರಾಮಲಿಂಗಂ ನೀರು ಬಡಿಸಿದ. ಚೆನ್ನಿಯಪ್ಪನ್ ಸೊಂಟಕ್ಕೆ ಟವೆಲ್ ಬಿಗಿದು, ಹೆಂಡತಿಯ ಎಲೆಗೆ ಬಿಸಿ ಹೋಳಿಗೆ ಹಾಕಿದರು. ಹಾಕಿದ ಮೇಲೆ ಕೈ ಸುಮ್ಮನಿರಬೇಕಲ್ಲ! ಅದರ ಒಂದು ಅಂಚು ತುಸು ಮಡಿಚಿಕೊಂಡಿತ್ತು. ಸರಿಮಾಡೋಣವೆಂದು ಬೆರಳು ಚಾಚಿದರು.

"ಬೇಡ," ಎಂದಳು ರುಕ್ಮಣಿ, ಎಲೆಯ ಮೇಲೆ ಕೈ ಅಡ್ಡ ಹಿಡಿದು. "ಅದು ಇರೋ ಹಂಗೇ ಚೆನ್ನಾಗದೆ."