ಮಾವನ ಮರಿಗರಗಸ

ನಮ್ಮ ಸೋದರಮಾವನನ್ನು ಯಾವುದಾದರೂ ಅಂಗಡಿಯೊಳಗೆ ಬಿಟ್ಟು ಬನ್ನಿ. ಅರ್ಧ ಗಂಟೆಯಲ್ಲಿ ಅಂಗಡಿಯವನಿಗೇ ತಾನು ಏನು ಮಾರುತ್ತೇನೆಂಬುದು ಮರೆತುಹೋಗಿರುತ್ತದೆ! ಉತ್ಪ್ರೇಕ್ಷೆ ಎನ್ನುವಿರಾ? ಒಮ್ಮೆ ಅವರ ಜೊತೆ ಚಪ್ಪಲಿ ಕೊಳ್ಳಲು ಹೋಗಿದ್ದೆ. ಎಡಗಾಲಿಗೆ ಒಂದು ಜೋಡು ಹಿಡಿಸಿತು, ಬಲಗಾಲಿಗೆ ಇನ್ನೊಂದು. ಯಾವುದನ್ನು ಒಯ್ಯುವುದೆಂದು ತಿಳಿಯದೆ ಪಕ್ಕದ ಅಂಗಡಿಯಲ್ಲಿ ಕೊಡೆ ಕೊಂಡು ಬಂದರು.

ಇಂಥವರು ಮುನಿರಾಬಾದಿನ ಕಚೇರಿಯಲ್ಲಿ ಕಾಲುವೆಗಳ ನಕ್ಷೆ ಬರೆದು ನಿವೃತ್ತರಾದರು. ನೀರು ಸರಿಯಾದ ಹೊಲಕ್ಕೇ ಹೋಗುತ್ತಿದೆಯಲ್ಲ ಎಂದು ನನಗೆ ಇವತ್ತಿಗೂ ಆಶ್ಚರ್ಯ! ಕ್ವಾರ್ಟರ್ಸ್ ಬಿಟ್ಟು ಅತ್ತೆಯೊಡನೆ ಕೊಪ್ಪಳದ ಹೊಸ ಮನೆಗೆ ಬಂದ ಮೇಲೆ ಮಾವನಿಗೆ ಹೊತ್ತು ಹೋಗಲಿಲ್ಲ. ಕಟ್ಟಿಗೆಯಲ್ಲಿ ಪುಟ್ಟ ಪುಟ್ಟ ಮಾದರಿ ಮನೆಗಳನ್ನು ಮಾಡುತ್ತೇನೆಂದರು. ಅದಕ್ಕೊಂದು ಚಿಕ್ಕ ಮೇಜುಗರಗಸ ಬೇಕಂತೆ. ಪುಸ್ತಕದಷ್ಟು ಅಗಲದ ಕಬ್ಬಿಣದ ಮೇಜು, ನಡುವಿನ ಸೀಳಿನಿಂದ ತಲೆಯೆತ್ತಿ ಗಿರ್ರೆಂದು ತಿರುಗುವ ದುಂಡು ಬ್ಲೇಡು.

ಗಂಗಾವತಿಯ ಮಷಿನ್ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲಿ ತೋರಿಸಿದ ಗರಗಸದ ಮೇಲೆ ಇಬ್ಬರು ಆರಾಮಾಗಿ ಮಲಗಬಹುದಿತ್ತು.

"ಇದರ ಮರಿ ಐತೇನ್ರಿ?" ಮಾವ ಕೇಳಿದರು.

"ಇದು ಈಯಂಗಿಲ್ರೀ ಸರ್ರ!" ಅಂದ ಅಂಗಡಿಯವನು.

ಆಮೇಲೆ ಮೊಬೈಲು ಹಿಡಿದು ಕೂತರು. ಬ್ಲೇಡಿಗೆ ಹಲ್ಲು ಕಡಿಮೆಯಿದ್ದರೆ ಬೇಗ ಕೊಯ್ಯುತ್ತದೆ, ಹೆಚ್ಚಿದ್ದರೆ ನುಣ್ಣಗೆ ಕೊಯ್ಯುತ್ತದೆ ಎನ್ನುತ್ತಾನೆ ವಿಡಿಯೋದಲ್ಲೊಬ್ಬ. ಹಲ್ಲು ಬಿಡ್ರಿ, ಮೋಟಾರು ನೋಡ್ರಿ ಎನ್ನುತ್ತಾನೆ ಮತ್ತೊಬ್ಬ. ಮಾವ ಕಂಡಕಂಡವರನ್ನೆಲ್ಲ ಕೇಳತೊಡಗಿದರು. ಕುಷ್ಟಗಿಯ ಮದುವೆಯೊಂದರಲ್ಲಿ ಊಟಕ್ಕೆ ಕೂತಾಗ ಪಕ್ಕದ ಹಿರಿಯರತ್ತ ಬಾಗಿ, "ನಿಮ್ಮ ಪ್ರಕಾರ ಹಲ್ಲು ಎಷ್ಟಿರಬೇಕ್ರಿ?" ಅಂದರು. ಪಾಪ, ಆ ಹಿರಿಯರು ಬಾಯಿಗೆ ಕೈ ಅಡ್ಡ ಹಿಡಿದು, "ನಂವು ನಾಕ ಉಳದಾವ್ರಿ, ಹೋಳಿಗಿಗೆ ಸಾಕಾಗ್ತಾವ" ಎಂದರು!

ಕೊನೆಗೆ ಅತ್ತೆಯೇ ಮೊಬೈಲು ಕಸಿದುಕೊಂಡು, "ಯಾವುದಾರ ಒಂದು ಬರ್ಲಿ!" ಎಂದು ಬೆರಳೊತ್ತಿಬಿಟ್ಟರು. ಗರಗಸ ಬಂತು.

ಮಾವ ಹನ್ನೆರಡು ಅಂಗುಲದ ಸಾಗವಾನಿ ಪಟ್ಟಿ ತೆಗೆದುಕೊಂಡು, ಒಂದೊಂದು ಅಂಗುಲದ ಹನ್ನೆರಡು ತುಂಡು ಕೊಯ್ದರು. ಹನ್ನೊಂದು ಸರಿಯಾಗಿ ಬಂದವು; ಹನ್ನೆರಡನೆಯದು ಅರ್ಧ! ಸ್ಕೇಲು ಬದಲಿಸಿ ಮತ್ತೆ ಕೊಯ್ದರು. ಮತ್ತೆ ಅರ್ಧ. ಉಳಿದರ್ಧ ಎಲ್ಲಿ ಹೋಯಿತೆಂದು ಮೇಜಿನ ಕೆಳಗೆ ಹುಡುಕಿದರು, ನನ್ನನ್ನೂ ಹುಡುಕಲು ಹಚ್ಚಿದರು. ಕಡೆಗೆ ಓಣಿಯ ಬಡಗಿ ಹುಸೇನಸಾಬರನ್ನು ಕರೆದುಕೊಂಡು ಬಂದೆ.

"ಸಾಹೇಬ್ರ, ಕೊಯ್ಯೂ ಮುಂದ ಬ್ಲೇಡು ತನ್ನ ದಪ್ಪದಷ್ಟು ಕಟ್ಟಿಗಿ ತಿಂತೈತ್ರಿ," ಎಂದರು ಅವರು. "ಅದಕ್ಕೂ ಹೊಟ್ಟಿ ಐತೆಲ್ರಿ!"

ಅದು ತಿಂದು ಉಗುಳಿದ ಪುಡಿಯೆಲ್ಲ ಅಡುಗೆಮನೆಗೆ ಹಾರುತ್ತಿತ್ತು. "ಇವತ್ತಿನ ರೊಟ್ಟಿ ಜ್ವಾಳದ್ದೋ ಸಾಗವಾನೀದೋ, ತಿಂದು ಹೇಳ್ರಿ," ಎಂದರು ಅತ್ತೆ. ಮಾವ ಬಹಳ ಹೊತ್ತು ಅಗಿದು, "ಹೇಳೂದು ಕಷ್ಟ ಐತಿ" ಎಂದರು.

ಮೊದಲ ಮನೆ ಸಿದ್ಧವಾಯಿತು. ನಾನು ಕೋಳಿಗೂಡು ಎಂದೆ. ಹುಸೇನಸಾಬರು ಮರ್ಯಾದೆಯಿಂದ, "ಛಲೋ ಆಗೈತ್ರಿ, ಏನಿದು?" ಎಂದರು. ಮಾವ ಅದನ್ನು ಎತ್ತಿ ನಾಲ್ಕೂ ಕಡೆ ತಿರುಗಿಸಿ ನೋಡಿ, "ಬಾಗಲಾ ಯಾ ಕಡೆ ಇಟ್ಟೆ ಅನ್ನೂದು ನನಗೂ ತಿಳೀವಲ್ದು" ಅಂದರು!

ಹೀಗೆ ನಗುತ್ತಿರುವಾಗಲೇ ಅತ್ತೆಯ ಕಣ್ಣು ಮಬ್ಬಾಗುತ್ತ ಬಂತು. ಸಕ್ಕರೆ ಕಾಯಿಲೆ. ಹೋದ ನೋಟ ತಿರುಗಿ ಬರುವುದಿಲ್ಲ ಎಂದರು ಡಾಕ್ಟರು. ಹಳೆಯ ಕ್ವಾರ್ಟರ್ಸ್ ಆಗಿದ್ದರೆ ಅತ್ತೆ ಕಣ್ಣು ಕಟ್ಟಿಕೊಂಡೂ ಓಡಾಡುತ್ತಿದ್ದರು. ಈ ಮನೆ ಇನ್ನೂ ಕಾಲಿಗೆ ರೂಢಿಯಾಗಿರಲಿಲ್ಲ. ಒಂದು ದಿನ ಹೊಸ್ತಿಲು ಎಡವಿ ಬಿದ್ದವರು ಮಂಚದಿಂದ ಇಳಿಯುವುದನ್ನೇ ಬಿಟ್ಟರು. "ಈ ಮನಿ ನನ್ನ ಮಾತು ಕೇಳಂಗಿಲ್ಲ" ಎನ್ನುತ್ತಿದ್ದರು.

ಗರಗಸ ಎಂಟು ದಿನ ಸುಮ್ಮನಿತ್ತು. ಒಂಬತ್ತನೆಯ ದಿನ ಹೋದರೆ ಮಾವ ಟೇಪು ಹಿಡಿದು ಮನೆಯನ್ನೇ ಅಳೆಯುತ್ತಿದ್ದಾರೆ! ಹೊಸ್ತಿಲಿನ ಎತ್ತರ, ಬಚ್ಚಲಿನ ಮೆಟ್ಟಿಲು, ಅಡುಗೆಕಟ್ಟೆಯ ಮೂಲೆ. ನನಗೆ ತಲೆಬುಡ ತಿಳಿಯಲಿಲ್ಲ.

"ಮಾವಾ, ಮನಿ ಮಾರತೀರೇನು?"

"ಅಳಿಯಾ, ಟೇಪು ಬಿಗಿ ಹಿಡಿ!"

ಈ ಸಲ ಅವರು ಯಾರನ್ನೂ ಏನನ್ನೂ ಕೇಳಲಿಲ್ಲ. ನನ್ನ ಗೊಂದಲ ಇನ್ನಷ್ಟು ಹೆಚ್ಚಿತು. ಬ್ಲೇಡು ತಿನ್ನುವಷ್ಟನ್ನು ಮೊದಲೇ ಲೆಕ್ಕ ಹಿಡಿದು ಗೆರೆ ಹಾಕಿದರು, ಬೆರಳು ಬ್ಲೇಡಿನ ಹತ್ತಿರ ಹೋಗದಂತೆ ಕೋಲಿನಿಂದ ತುಂಡು ದೂಡಿದರು. ಒಂದೂ ಕೆಡಲಿಲ್ಲ.

ಚಾವಣಿಯಿಲ್ಲದ ಪುಟ್ಟ ಕಟ್ಟಿಗೆಯ ಮನೆಯೊಂದು ಅತ್ತೆಯ ತೊಡೆಯ ಮೇಲೆ ಬಂತು. ಮಾವ ಅವರ ತೋರುಬೆರಳನ್ನು ಹಿಡಿದು ಪುಟ್ಟ ಮಂಚದ ಪಕ್ಕದಲ್ಲಿಟ್ಟರು. "ಇಲ್ಲಿ ನೀ ಅದೀ. ನಡಿ."

ಬೆರಳು ನಡೆಯಿತು. "ಇದು ಹೊಸ್ತಿಲ... ಇಲ್ಲೇ ಬಿದ್ದಿದ್ದೆ... ಬಲಕ್ಕ ತಿರಗಿದ್ರ ಅಡಗಿಮನಿ..."

ಹತ್ತು ದಿನ ಇದೇ ಪಾಠ. ಒಂದು ಸಂಜೆ ಅತ್ತೆ ಮಂಚದಿಂದ ಇಳಿದು, "ಯಾರೂ ಹಿಡೀಬ್ಯಾಡ್ರಿ" ಎಂದರು. ಗೋಡೆ ಸವರುತ್ತ ಹೊರಟರು. ಹಿಂದೆಯೇ ಮಾವ, ಎರಡೂ ಕೈ ಚಾಚಿಕೊಂಡು, ಉಸಿರು ಬಿಗಿಹಿಡಿದು. ಹೊಸ್ತಿಲ ಬಳಿ ಅತ್ತೆ ನಿಂತರು, ಕಾಲೆತ್ತಿ ದಾಟಿದರು, ಬಲಕ್ಕೆ ತಿರುಗಿದರು. ಅಡುಗೆಕಟ್ಟೆ ಕೈಗೆ ಸಿಕ್ಕಿತು.

"ಬಂದ್ನಿ ನೋಡ್ರೀ!" ಮಾವ ಪಡಸಾಲೆಯಲ್ಲಿದ್ದಾರೆಂದುಕೊಂಡು ಅತ್ತೆ ಜೋರಾಗಿ ಕೂಗಿದರು.

ಗೇಣುದ್ದ ಹಿಂದೆ ನಿಂತಿದ್ದ ಮಾವ ಸದ್ದಾಗದಂತೆ ಹಿಮ್ಮುಖವಾಗಿ ಹೆಜ್ಜೆಯಿಡುತ್ತ ಪಡಸಾಲೆಗೆ ಬಂದರು. ಅಲ್ಲಿಂದ ಕೂಗಿದರು: "ಹೌದಾ? ಯಾವಾಗ ಹೋದಿ? ನಾ ನೋಡಲೇ ಇಲ್ಲಲ್ಲ!"