ಹುಣಸೂರು ಕಸಬೆಯಲ್ಲಿ ತೀರ್ಥ ನಿಷೇಧ: ತಿದ್ದುಪಡಿ

ಸನ್ನಡತೆ ಕಛೇರಿ, ಹುಣಸೂರು ಕಸಬೆ
(ಭೂಮಂಡಲದಲ್ಲಿ ಈ ಬಗೆಯ ಕಛೇರಿ ಇದೊಂದೇ, ಎರಡನೆಯದು ಬೇಕೆಂದು ಈವರೆಗೆ ಯಾರೂ ಕೇಳಿಲ್ಲ)

ಸುತ್ತೋಲೆ ಸಂಖ್ಯೆ: ಸ.ನ.ಕ./ತೀರ್ಥ/೭/೧೯೩೪-೩೫
ಭಾವ ಸಂವತ್ಸರ, ಫಾಲ್ಗುಣ ಮಾಸ

ವಿಷಯ: ಕಸಬೆಯೊಳಗೆ ತೀರ್ಥ ಸೇವನೆಯ ನಿಷೇಧ, ತತ್ಪರಿಣಾಮವಾಗಿ ಈಶ್ವರನ ಗುಡಿಯ ಅರ್ಚಕ ಗಂಗಾಧರಪ್ಪನವರು ಲಾಕಪ್ಪು ಸೇರಿದ್ದು, ಹಾಗೂ ಊರ ಹೊಳೆಯ ಅನುಮಾನಾಸ್ಪದ ಹೆಸರು.

ಉಲ್ಲೇಖ: (೧) ಈಶ್ವರನ ಗುಡಿಯ ಭಕ್ತರೂ ಪೇಟೆ ಮಸೀದಿಯ ಜಮಾತಿನವರೂ ಒಂದೇ ಕಾಗದದಲ್ಲಿ ಸಲ್ಲಿಸಿದ ಅರ್ಜಿ. (೨) ಸದರಿ ಅರ್ಜಿಯ ಮೇಲೆ ಈ ಕಛೇರಿ ಹೊರಡಿಸಿದ ಹುಕುಂ. ಇದನ್ನು ಓದಿ ಜನ ತಟ್ಟಿದ ಚಪ್ಪಾಳೆಗೆ ಕಾಕನಕೋಟೆಯ ಆನೆಗಳು ಎಚ್ಚರಗೊಂಡವೆಂದು ವರದಿಯಾಗಿದೆ. (೩) ಅರ್ಚಕರ ಪತ್ನಿ ಮಲ್ಲಾಜಮ್ಮನವರು ಕಛೇರಿಯ ಜಗಲಿಯ ಮೇಲೆ ನಿಂತು ಕೂಗಿ ಸಲ್ಲಿಸಿದ ಬಾಯಿ ಅರ್ಜಿ.

ಪೀಠಿಕೆ:

ಹೊಳೆದಂಡೆಯಲ್ಲಿ ಕಂಠಪ್ಪನವರ ಹೆಂಡದಂಗಡಿ ಇರುವುದು ಸರ್ವರಿಗೂ ತಿಳಿದಿದೆ. ಅಲ್ಲಿಗೆ ಹೋಗುವ ಗಂಡಸರು ಮನೆಯಲ್ಲಿ "ತೀರ್ಥಕ್ಕೆ ಹೋಗಿ ಬತ್ತೀನಿ ಕಣಮ್ಮಿ" ಎಂದು ಹೇಳಿ ಹೊರಡುವ ಪದ್ಧತಿಯಿದೆ. ನಮ್ಮೂರ ಹೊಳೆಯ ಹೆಸರೇ ಲಕ್ಷ್ಮಣತೀರ್ಥವಾದ್ದರಿಂದ, ಹೆಂಗಸರು ಗಂಡಂದಿರ ಭಕ್ತಿಗೆ ಮೆಚ್ಚಿ ಟವಲನ್ನೂ ಕೊಟ್ಟು ಕಳಿಸುತ್ತಿದ್ದರು. ನಿಜ ತಿಳಿದ ಮೇಲೆ ಊರಿನ ಎರಡೂ ಮತದವರು ಒಟ್ಟಾಗಿ "ಕಂಠಪ್ಪನ ತೀರ್ಥ ನಿಲ್ಲಿಸಬೇಕು" ಎಂದು ಅರ್ಜಿ ಕೊಟ್ಟರು. ಗೃಹಸ್ಥರೊಬ್ಬರ ಹೆಸರು ಸರ್ಕಾರಿ ಕಾಗದದಲ್ಲಿ ಕೆಡಬಾರದೆಂಬ ಕಾಳಜಿಯಿಂದ ಈ ಕಛೇರಿಯು "ಕಂಠಪ್ಪನ" ಎಂಬ ಮಾತನ್ನು ಹೊಡೆದುಹಾಕಿ, ಉಳಿದದ್ದನ್ನು ಅಕ್ಷರಶಃ ಹುಕುಂ ಮಾಡಿತು. ಕಂಠಪ್ಪನವರು ಪ್ರತಿ ಸಂಜೆ ಈ ಕಛೇರಿಗೆ ಕಳಿಸುವ "ತಪಾಸಣೆ ಚೊಂಬು" ಎಂಬುದಕ್ಕೂ ಈ ಕಾಳಜಿಗೂ ಸಂಬಂಧವಿಲ್ಲವೆಂದು ಯಾರೂ ಕೇಳದಿದ್ದರೂ ಈ ಮೂಲಕ ತಿಳಿಸಲಾಗಿದೆ.

ಆ ತರುವಾಯ ನಡೆದ ಸಂಗತಿಗಳನ್ನೂ, ಅವುಗಳಿಂದ ಹುಟ್ಟಿದ ನಿಯಮಗಳನ್ನೂ ಕೆಳಗೆ ನಮೂದಿಸಲಾಗಿದೆ.

೧. ಹುಕುಮಿನ ಮೇರೆಗೆ ಮೊದಲು ಹೆಂಡದಂಗಡಿಯನ್ನು ಶೋಧಿಸಲಾಯಿತು. ಬೋರ್ಡಿನಲ್ಲಿ "ಹೆಂಡ" ಎಂದು ಬರೆದಿದ್ದು, ತೀರ್ಥವೆಂಬ ಪದಾರ್ಥ ಒಂದು ತೊಟ್ಟೂ ಸಿಗದ ಕಾರಣ ಸದರಿಯವರನ್ನು ಅಭಿನಂದಿಸಿ ಬರಲಾಯಿತು. ಬಳಿಕ ಈಶ್ವರನ ಗುಡಿಯಲ್ಲಿ ಅರ್ಚಕ ಗಂಗಾಧರಪ್ಪನವರು ಹಗಲು ಹೊತ್ತಿನಲ್ಲೇ, ಬಿಲ್ವಪತ್ರೆ ಬೆರೆಸಿದ ತೀರ್ಥವನ್ನು ಮುದುಕಿಯರ ಅಂಗೈಗೆ ಹಾಕುತ್ತಿದ್ದಾಗ ಸಿಕ್ಕಿಬಿದ್ದರು. ಮುದುಕಿಯರು ಕೈ ಒರೆಸಿಕೊಂಡ ತಲೆಗೂದಲನ್ನು ಸಾಕ್ಷ್ಯವಾಗಿ ಜಪ್ತಿ ಮಾಡಲು ಹೋದ ಜವಾನ ಚಿಕ್ಕಮಾದಯ್ಯನಿಗೆ ಆದ ಗಾಯಗಳಿಗೆ ಕಛೇರಿ ಜವಾಬ್ದಾರಿಯಲ್ಲ.

೨. ಮಕ್ಕಳು ತಂದೆಗೆ ಕಾಗದ ಬರೆಯುವಾಗ "ತೀರ್ಥರೂಪರಿಗೆ" ಎಂದು ಆರಂಭಿಸುವುದನ್ನು ಕೂಡಲೇ ನಿಲ್ಲಿಸತಕ್ಕದ್ದು. ಪಿರಿಯಾಪಟ್ಟಣದ ಚೆಲುವಯ್ಯ ಎಂಬಾತ ಹುಣಸೂರಿನಲ್ಲಿರುವ ತನ್ನ ತಂದೆಗೆ ಹೀಗೆ ಬರೆದಿದ್ದ ಕಾಗದವನ್ನು ತಡೆದು, ತಂದೆಯ ಬಾಯಿ ಮೂಸಿ ನೋಡಲಾಗಿ, ಮಗ ಬರೆದದ್ದು ಸತ್ಯವೆಂದು ಕಂಡುಬಂದು ಕಾಗದವನ್ನು ಬಟವಾಡೆ ಮಾಡಲಾಯಿತು.

೩. ಲಕ್ಷ್ಮಣತೀರ್ಥ ಎಂಬ ಹೊಳೆಯು ಯಾವ ಪರವಾನಗಿಯೂ ಇಲ್ಲದೆ ರಾಜಾರೋಷವಾಗಿ ಊರ ಪಕ್ಕದಲ್ಲೇ ಹರಿಯುತ್ತಿರುವುದು ಗಮನಕ್ಕೆ ಬಂದಿದೆ. ನೋಟೀಸು ಅಂಟಿಸಲು ಹೋದಾಗ ಸದರಿ ಹೊಳೆಯು ರುಜು ಹಾಕದೆ ನೋಟೀಸಿನ ಸಮೇತ ಪರಾರಿಯಾಗಿದೆ. ಮುಂದಿನ ಆದೇಶದವರೆಗೆ ಅದನ್ನು "ಲಕ್ಷ್ಮಣನ ಹೊಳೆ" ಎಂದಷ್ಟೇ ಕರೆಯತಕ್ಕದ್ದು. ಅಲ್ಲಿ ನೀರು ಕುಡಿದ ದನಗಳನ್ನು ಗೆರೆಯ ಮೇಲೆ ನಡೆಸಿ ಪರೀಕ್ಷಿಸತಕ್ಕದ್ದು. ಹುಟ್ಟಿನಿಂದಲೇ ತೂರಾಡುವ ಎಮ್ಮೆಗಳಿಗೆ ವಿನಾಯಿತಿಯಿದೆ.

೪. ಅದೇ ಹೊಳೆಯ ನೀರನ್ನು ಮಸೀದಿಯ ತೊಟ್ಟಿಗೆ ತುಂಬುತ್ತಿರುವುದರಿಂದ ಜಮಾತಿನ ಹಿರಿಯರಾದ ಚರ್ಮದ ಮಂಡಿ ಜಬ್ಬಾರ್ ಸಾಹೇಬರಿಗೂ ನೋಟೀಸು ಜಾರಿಯಾಯಿತು. ಅವರ ಲಿಖಿತ ಉತ್ತರದ ಬದಲು ಅವರೇ ಬಂದು ನಿಂತು ಹೇಳಿದ ಮಾತನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಏನ್ ಸ್ವಾಮಿ ಇದು! ನಮಾಜಿಗೆ ಮುಂಚೆ ಆ ನೀರಲ್ಲೇ ಕೈಕಾಲು ಮುಖ ತೊಳೀತೀವಿ. ಅದು ಹೆಂಡ ಆದ್ರೆ ನಾವೆಲ್ಲ ದಿನಾ ಐದು ಹೊತ್ತು ಹೆಂಡದಲ್ಲಿ ಮುಖ ತೊಳೀತಿದ್ದೀವಾ? ಅರ್ಜಿ ಕೊಟ್ಟೋರು ನಾವು, ಅಂಗಡಿ ಕಂಠಪ್ಪನದು, ಒಳಗೆ ಹಾಕಿರೋದು ಪೂಜೆ ಮಾಡೋ ಅಯ್ಯನ್ನ!" ಉತ್ತರವು ನಿಗದಿತ ನಮೂನೆಯಲ್ಲಿ ಇಲ್ಲದ ಕಾರಣ ತಿರಸ್ಕೃತ.

೫. ಶಿವರಾತ್ರಿ ಹತ್ತಿರ ಬಂದಿದ್ದರಿಂದ ಅರ್ಚಕರನ್ನು ಬಿಡಲು ಈ ಕಛೇರಿಯು ಸಮುದ್ರದಷ್ಟು ಉದಾರವಾದ ಷರತ್ತನ್ನು ಮುಂದಿಟ್ಟಿತು: ತಾವು ಹಂಚಿದ್ದು ಅಮಲಿನ ಪದಾರ್ಥವೆಂದು ಬರೆದುಕೊಟ್ಟು, ಕಂಠಪ್ಪನವರಂತೆ ತಾವೂ ದಿನಕ್ಕೊಂದು ಚೊಂಬು ತಪಾಸಣೆಗೆ ಕಳಿಸತಕ್ಕದ್ದು. ಹಾಗೆ ಬರೆದುಕೊಟ್ಟ ಅರ್ಚಕನನ್ನು ಯಾವ ಊರೂ ಗರ್ಭಗುಡಿಗೆ ಬಿಡುವುದಿಲ್ಲವೆಂಬ ಸಣ್ಣ ತೊಡಕು ಇದ್ದಿರಬಹುದು. ಗಂಗಾಧರಪ್ಪನವರ ಹೇಳಿಕೆ: "ಶಿವನ ತಲೆ ಮೇಲೆ ಉಯ್ದ ನೀರನ್ನ ಹೆಂಡ ಅಂತ ಬರ್ಕೊಡಾಕಿಲ್ಲ ಬುಡಿ. ನಲವತ್ತು ವರ್ಷದಲ್ಲಿ ಒಂದು ಶಿವರಾತ್ರಿನೂ ತಪ್ಪಿಸಿಲ್ಲ. ಈ ಸಲ ಅವನ ತಲೆ ಒಣಗಿದ್ರೆ ಅವನು ನಿಮ್ಮನ್ನೇ ಕೇಳ್ತಾನೆ."

೬. ಶಿವರಾತ್ರಿಯ ಹಿಂದಿನ ಸಂಜೆ ಮಲ್ಲಾಜಮ್ಮನವರು ಒಂದು ಚೊಂಬು ಹಿಡಿದು, ಹಿಂದೆ ಜಬ್ಬಾರ್ ಸಾಹೇಬರನ್ನೂ ಅವರ ಹಿಂದೆ ಮೂರು ತಾಲ್ಲೂಕಿನಷ್ಟು ಜನರನ್ನೂ ಕಟ್ಟಿಕೊಂಡು ಕಛೇರಿಗೆ ಬಂದರು. ಆಗಷ್ಟೇ ಕಂಠಪ್ಪನವರು ತಮ್ಮ ಚೊಂಬನ್ನು ಮೇಜಿನ ಮೇಲೆ ಇಡುತ್ತಿದ್ದರು. ಮಲ್ಲಾಜಮ್ಮನವರು ತಾವು ತಂದದ್ದನ್ನು ಎಲ್ಲರೆದುರು ಗಟಗಟ ಕುಡಿದು, "ನೋಡ್ಕಳಿ, ನೆಟ್ಟಗೆ ನಿಂತಿವ್ನಿ. ಇದು ನೀರು. ಆ ಇನ್ನೊಂದು ಚೊಂಬಲ್ಲಿ ಏನೈತೆ ಸ್ವಾಮಿ?" ಎಂದು ವಿಚಾರಿಸಿದರು. ಸನ್ನಡತೆ ಕಛೇರಿಯ ಮೇಜಿನ ಮೇಲೆ ನೀರಲ್ಲದೆ ಬೇರೇನೂ ಇರಲು ಸಾಧ್ಯವಿಲ್ಲವಾದ್ದರಿಂದ "ನೀರು" ಎಂದು ಘನತೆಯಿಂದ ಉತ್ತರಿಸಲಾಯಿತು. "ಅಂಗಾದ್ರೆ ಕುಡೀರಿ" ಎಂದರು. ಸಾರ್ವಜನಿಕ ಹಿತದೃಷ್ಟಿಯಿಂದ ಚೊಂಬು ಪೂರ್ತಿ ಕುಡಿಯಲಾಯಿತು. ತರುವಾಯ ಕೋಣೆಯು ಅಧಿಕಾರಿಗಳ ಸುತ್ತ ತಿರುಗಿದ್ದು ಹಳೆಯ ಕಟ್ಟಡದ ದೋಷ. ಲೋಕೋಪಯೋಗಿ ಇಲಾಖೆಗೆ ಬರೆಯಲಾಗಿದೆ.

೭. ಆಗ ಮಲ್ಲಾಜಮ್ಮನವರು ತಿರುಗಿ, "ಏನಪ್ಪಾ ಕಂಠಪ್ಪ, ನೀರೇನಾ?" ಎಂದು ಕೇಳಲಾಗಿ, ಕಂಠಪ್ಪನವರು ಅಧಿಕಾರಿಗಳ ಮುಖವನ್ನೂ ಬಾಗಿಲಲ್ಲಿದ್ದ ಜನರನ್ನೂ ನೋಡಿ, "ಊಂ ಕಣವ್ವ... ನೀರೇಯ" ಎಂದು ಒಪ್ಪಿಕೊಂಡರು. "ನಿಮ್ಮ ಅಂಗಡಿ ಹಂಡೆಯಿಂದಲೇ ತುಂಬಿದ್ದು ತಾನೇ?" ಎಂದು ಜಬ್ಬಾರ್ ಸಾಹೇಬರು ವಿಚಾರಿಸಿದ್ದಕ್ಕೂ ಹೌದೆಂದರು. "ಬರ್ಕೊಳಿ ಗುಮಾಸ್ತರೇ, ಅದು ಅಂಗಡಿಯಲ್ಲ, ಅರವಟ್ಟಿಗೆ. ಬಾಯಾರಿದೋರಿಗೆ ನೀರು ಕೊಟ್ಟು ಯಾರಾದ್ರೂ ದುಡ್ಡು ಇಸ್ಕೊಂತಾರಾ?" ಎಂದು ಮಲ್ಲಾಜಮ್ಮನವರು ಸೂಚಿಸಿದರು. ಅಧಿಕಾರಿಗಳು ತಲೆಯಾಡಿಸುತ್ತಲೇ ಇದ್ದುದರಿಂದ ಅದನ್ನು ಸಮ್ಮತಿಯೆಂದು ಭಾವಿಸಿ ಗುಮಾಸ್ತರು ಬರೆದು ಮೊಹರು ಒತ್ತಿದರು. ಮೊಹರು ಬಿದ್ದ ಮೇಲೆ ಬ್ರಹ್ಮನೂ ಅಳಿಸಲಾರ.

೮. ಅದರಂತೆ, ಕಂಠಪ್ಪನವರ ಧರ್ಮಾರ್ಥ ಅರವಟ್ಟಿಗೆಯಲ್ಲಿ ಅದೇ ಸಂಜೆ ಇಡೀ ಜಿಲ್ಲೆಯ ಬಾಯಾರಿಕೆ ಉಚಿತವಾಗಿ ತೀರಿತು. ಹಂಡೆ ಬರಿದಾಗಿ, ಧರ್ಮಾತ್ಮರು ಮರುದಿನ ಬೆಳಕು ಹರಿಯುವಷ್ಟರಲ್ಲಿ ಅಂಗಡಿ ಬಿಚ್ಚಿ ಗಾಡಿಗೆ ಹೇರಿಕೊಂಡು ಪಿರಿಯಾಪಟ್ಟಣದ ದಾರಿ ಹಿಡಿದರು.

೯. ಕಂಠಪ್ಪನವರ ಚೊಂಬಿನದೇ ನೀರೆಂದು ಕಛೇರಿ ಒಪ್ಪಿದ ಮೇಲೆ ಗುಡಿಯ ತೀರ್ಥಕ್ಕಾಗಿ ಯಾರನ್ನೂ ಲಾಕಪ್ಪಿನಲ್ಲಿಡಲು ಅವಕಾಶವಿಲ್ಲದ ಕಾರಣ ಗಂಗಾಧರಪ್ಪನವರನ್ನು ಶಿವರಾತ್ರಿಯ ಬೆಳಿಗ್ಗೆ ಬಿಡುಗಡೆ ಮಾಡಲಾಗಿದೆ. ಅವರು ಲಾಕಪ್ಪಿನಿಂದ ನೇರ ಹೊಳೆಗೆ, ಹೊಳೆಯಿಂದ ನೇರ ಗುಡಿಗೆ ಹೋದರು. ಶಿವನ ತಲೆ ಒಣಗಲಿಲ್ಲ. ಹೊಳೆಗೂ ಅದರ ಪೂರ್ತಿ ಹೆಸರನ್ನು ಗೌರವಪೂರ್ವಕವಾಗಿ ಹಿಂತಿರುಗಿಸಲಾಗಿದೆ.

೧೦. ತಪಾಸಣೆ ಚೊಂಬಿನ ಪದ್ಧತಿ ಎಂದಿನಂತೆ ಮುಂದುವರಿಯತಕ್ಕದ್ದು. ಇನ್ನು ಮುಂದೆ ಅದು ಗುಡಿಯಿಂದ ಬರುತ್ತದೆ, ಮಲ್ಲಾಜಮ್ಮನವರೇ ತರುತ್ತಾರೆ. ಬಿಲ್ವಪತ್ರೆಯ ಸಹಿತ ಕೊನೆಯ ಹನಿಯವರೆಗೆ ಅಧಿಕಾರಿಗಳು ಕುಡಿದದ್ದನ್ನು ಕಣ್ಣಾರೆ ನೋಡಿಯೇ ಹೋಗುವುದಾಗಿ ಅವರು ತಿಳಿಸಿದ್ದಾರೆ. ಇದರ ಮೇಲೆ ಅಪೀಲಿಗೆ ಅವಕಾಶವಿದೆಯೇ ಎಂದು ಅಧಿಕಾರಿಗಳು ತಾವೇ ತಮ್ಮನ್ನು ಕೇಳಿಕೊಂಡಿದ್ದು, ಇಲ್ಲವೆಂದು ಉತ್ತರ ಬಂದಿದೆ.

ಮೇಲ್ಕಂಡದ್ದನ್ನು ಸರ್ವರೂ ಪಾಲಿಸತಕ್ಕದ್ದು. ಪಾಲಿಸಲಾಗದವರು ಪಾಲಿಸಿದಂತೆ ಕಾಣಿಸಿಕೊಳ್ಳತಕ್ಕದ್ದು.

(ಸಹಿ, ಮೂರು ದಿನ ಬಿಲ್ವದ ನೀರು ಕುಡಿದ ಮೇಲೆ ಮಾಡಿದ್ದರಿಂದ ನೆಟ್ಟಗಿದೆ)
ಸನ್ನಡತೆ ಅಧಿಕಾರಿ, ಹುಣಸೂರು ಕಸಬೆ

ಪ್ರತಿಗಳು:
೧. ಅರ್ಚಕ ಗಂಗಾಧರಪ್ಪನವರಿಗೆ, ಕ್ಷಮೆಯೆಂದು ಭಾವಿಸಕೂಡದೆಂಬ ಸೂಚನೆಯೊಂದಿಗೆ.
೨. ಜಬ್ಬಾರ್ ಸಾಹೇಬರಿಗೆ, ಮಸೀದಿಯ ತೊಟ್ಟಿ ನಿರ್ದೋಷಿಯೆಂಬ ಪ್ರಮಾಣಪತ್ರದ ಸಮೇತ.
೩. ಲಕ್ಷ್ಮಣತೀರ್ಥ ಹೊಳೆಗೆ, ಹಿಂದಿನ ನೋಟೀಸನ್ನು ವಾಪಸು ಮಾಡುವಂತೆ ಕೋರಿ.
೪. ಚೆಲುವಯ್ಯನ ತೀರ್ಥರೂಪರಿಗೆ, ತಿಳುವಳಿಕೆಗಾಗಿ.
೫. ಕಂಠಪ್ಪನವರಿಗೆ, ಪಿರಿಯಾಪಟ್ಟಣದ ಹೊಸ ವಿಳಾಸಕ್ಕೆ (ಗೋಪ್ಯ): ಅವಸರದಲ್ಲಿ ಗಾಡಿಗೆ ಹೇರಿಕೊಂಡು ಹೋದ ಚೊಂಬು ಸರ್ಕಾರಿ ಸ್ವತ್ತಾಗಿದ್ದು ಕೂಡಲೇ ಹಿಂತಿರುಗಿಸತಕ್ಕದ್ದು. ಖಾಲಿ ಚೊಂಬನ್ನು ಈ ಕಛೇರಿ ಸ್ವೀಕರಿಸುವುದಿಲ್ಲ.