ಯಾರಾದರೂ ನೀರು ಹಾಕಿ

ಬೆಳಗ್ಗೆ ಹತ್ತು ಗಂಟೆಗೆ ಜೇಡಪ್ಪ ಕುಂಡದ ಮೇಲಿನ ಜಲ್ಲಿ ಸರಿಸಿ ಬೆರಳಿಟ್ಟ. ಮಣ್ಣು ಒದ್ದೆಯಾಗಿತ್ತು. ಅವನು ಬೆರಳು ಒರೆಸಿಕೊಂಡು ಮತ್ತೊಮ್ಮೆ ಇಟ್ಟು ನೋಡಿದ.

ಜೇಡಗಳ ಹಿಂದೆ ಬಿದ್ದು ಅರ್ಧ ತಲೆ ನರೆಸಿಕೊಂಡ ಸಂಶೋಧಕನಿಗೆ ಕಚೇರಿಯವರು ಇಟ್ಟ ಹೆಸರು ಜೇಡಪ್ಪ. ಒಣಭೂಮಿಯ ಕುರುಚಲು ಗಿಡಕ್ಕೆ ಒಂದು ಜೇಡ ಕಾವಲಿದ್ದು, ಎಲೆ ತಿನ್ನುವ ಹುಳುಗಳನ್ನು ಹಿಡಿದರೆ ಸಾಕು, ಗಿಡ ಇನ್ನೂರು ದಿನ ನೀರಿಲ್ಲದೆ ಬದುಕೀತು ಎಂಬುದು ಅವನ ವಾದ. ಕುಂಡದ ಗಿಡಕ್ಕೆ ಇವತ್ತು ಇನ್ನೂರನೇ ದಿನ. ಮೂರು ಗಂಟೆಗೆ ನಿರ್ದೇಶಕರು ಬರುವವರಿದ್ದರು. ವಾದ ನಿಂತರೆ ಕೆಲಸ ಉಳಿಯುತ್ತದೆ, ಬಿದ್ದರೆ ತಿಂಗಳ ಕೊನೆಗೆ ಮನೆಗೆ. ಗಿಡ ದಿನೇ ದಿನೇ ನಳನಳಿಸುವುದನ್ನು ಕಂಡು ಈ ಪುಣ್ಯಾತ್ಮ ಹಿಗ್ಗಿ ಹೀರೇಕಾಯಿಯಾಗಿದ್ದ.

"ಯಾರ್ರೀ ಇದಕ್ಕೆ ನೀರು ಹಾಕಿದ್ದು?"

"ನಾನೇ. ಸೋಮವಾರ, ಗುರುವಾರ," ಎಂದಳು ಟೈಪಿಸ್ಟ್.

"ಮಂಗಳವಾರ ನಂದು," ಎಂದ ಕಾವಲುಗಾರ.

ಕಸ ಗುಡಿಸುವಾಕೆ ಸೊಂಟಕ್ಕೆ ಕೈಯಿಟ್ಟಳು. "ನಾನಂತೂ ದಿನಾ ಹಾಕ್ತೀನಿ. ಅದಕ್ಯಾಕೆ ರೇಗಾಡ್ತೀರ? ನೀವೇ ಬರ್ದು ಅಂಟ್ಸಿದೀರಲ್ಲ!"

'ಯಾರಾದರೂ ನೀರು ಹಾಕಿದರೆ ಜೋಕೆ!' ಎಂದು ಅವನು ಚೀಟಿ ಬರೆದು ಕುಂಡಕ್ಕೆ ಅಂಟಿಸಿದ್ದು ನಿಜ. ಆದರೆ ಅಂಟಿನ ರುಚಿ ಹತ್ತಿದ, ಕಾಗದ ತಿನ್ನುವ ಬೆಳ್ಳಿಹುಳು ಚೀಟಿಯ ಬಲಗಡೆಯನ್ನು ನುಣ್ಣಗೆ ಮೇದಿತ್ತು. ಉಳಿದದ್ದು, 'ಯಾರಾದರೂ ನೀರು ಹಾಕಿ.' ಹುಳುಗಳನ್ನೇ ಓದಿ ದೊಡ್ಡವನಾದವನಿಗೆ ಹುಳುವೇ ತಿರುಮಂತ್ರ ಹೇಳಿತ್ತು.

"ಒಣಗ್ಸಿದ್ರಾಯ್ತು ಬಿಡಿ ಸಾರ್," ಎಂದು ಮೂವರೂ ಟೊಂಕ ಕಟ್ಟಿದರು. ಟೈಪಿಸ್ಟ್ ಕೂದಲು ಒಣಗಿಸುವ ಯಂತ್ರ ತಂದಳು. ಕಾವಲುಗಾರ ಟೇಬಲ್ ಫ್ಯಾನ್ ತಂದು ಜೋರಾಗಿ ತಿರುಗಿಸಿದ. ಗಿಡದಲ್ಲಿದ್ದ ಬಲೆ ಹರಿದು ಕಾವಲಿನ ಜೇಡವೇ ಮಾಯವಾಯಿತು! ನಾಲ್ವರೂ ನೆಲಕ್ಕೆ ಮೂಗು ಉಜ್ಜುತ್ತ ಮೇಜಿನಡಿ ಹುಡುಕಿದರು.

"ಸಾರ್, ಅಲ್ಲಾಡಬೇಡಿ," ಎಂದಳು ಗುಡಿಸುವಾಕೆ. "ನಿಮ್ಮ ಕನ್ನಡಕದ ಮೇಲೇ ಕೂತಿದೆ."

ಮೂರು ಗಂಟೆಗೆ ಜೇಡ ಗಿಡಕ್ಕೆ ಮರಳಿತ್ತು, ಮಣ್ಣು ಒಣಗಿ ಬೂದಿಯಂತಾಗಿತ್ತು. ನಿರ್ದೇಶಕರು ಬಂದು ಬೆರಳಿಟ್ಟು ನೋಡಿದರು.

"ಒಂದು ಹನೀನೂ ಹಾಕಿಲ್ವಾ?"

"ನಾನಂತೂ ಹಾಕಿಲ್ಲ ಸಾರ್." ಬಾಗಿಲಲ್ಲಿದ್ದ ಮೂವರೂ ಸೂರು ನೋಡತೊಡಗಿದರು.

ನಿರ್ದೇಶಕರು ಅವನ ಕೆಲಸವನ್ನು ಇನ್ನು ಮೂರು ವರ್ಷ ಮುಂದುವರಿಸುವ ಕಾಗದಕ್ಕೆ ಸಹಿ ಹಾಕಿದರು. ಜೇಡಪ್ಪನಿಗೆ ಹೋದ ಜೀವ ಬಂದಂತಾಯಿತು. ಆದರೂ ಆ 'ನಾನಂತೂ' ಅರ್ಧ ಸುಳ್ಳೆಂದು ಅವನಿಗೇ ಗೊತ್ತಿತ್ತು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ನಿರ್ದೇಶಕರು ಅವನನ್ನು ಕಾರಿಡಾರಿಗೆ ಕರೆದುಕೊಂಡು ಹೋದರು.

"ಯಾರಿಗೂ ಹೇಳಬೇಡಿ ಮಾರಾಯ್ರೆ. ಹೋದ ತಿಂಗಳು ನೀವಿಲ್ಲದಾಗ ಬಂದಿದ್ದೆ. ಚೀಟಿ ನೋಡಿ ನಾನೂ ಒಂದು ಬಾಟಲಿ ಸುರಿದುಬಿಟ್ಟೆ. ಅದೇ ನಿಮ್ಮ ಪ್ರಯೋಗದ ಗಿಡ ಅಂತ ಆಮೇಲೆ ಗೊತ್ತಾಯ್ತು. ಅವತ್ತಿಂದ ಕಣ್ಣಿಗೆ ನಿದ್ದೆ ಇಲ್ಲ. ಮೊದಲಿಂದ ಶುರು ಮಾಡಿ. ಇವತ್ತೇ ಒಂದನೇ ದಿನ ಅಂತ ಇಟ್ಕೊಳ್ಳಿ."

ಜೇಡಪ್ಪನೂ ಎಲ್ಲ ಒಪ್ಪಿಕೊಂಡ. ಇಬ್ಬರೂ ಹೊಟ್ಟೆ ತುಂಬ ನಕ್ಕರು. ಬೆಳಗ್ಗಿನಿಂದ ಭಾರವಾಗಿದ್ದ ಅವನ ಮನಸ್ಸು ಹಗುರಾಯಿತು. ಅವನು ಕೋಣೆಗೆ ಮರಳಿ ಹೊಸ ಚೀಟಿಯಲ್ಲಿ 'ಒಂದನೇ ದಿನ' ಎಂದು ದಪ್ಪಗೆ ಬರೆದ.

ಗುಡಿಸುವಾಕೆ ಖಾಲಿ ಲೋಟ ಒರೆಸುತ್ತಿದ್ದಳು. "ಪರೀಕ್ಷೆ ಮುಗೀತಲ್ಲ ಸಾರ್? ಆ ಬಿಸಿಗಾಳೀಲಿ ಪಾಪ, ಗಿಡಕ್ಕೆ ಎಷ್ಟು ಬಾಯಾರಿತ್ತೋ. ಎರಡು ಲೋಟ ಗಟಗಟ ಕುಡೀತು ನೋಡಿ!"

ಜೇಡಪ್ಪ ಚೀಟಿಯ ಮೇಲೆ ಗೀಟು ಹಾಕಿ, 'ನಾಳೆಯಿಂದ' ಎಂದು ಬರೆದ.